ಅಜ್ಜಿಯ ದಬ್ಬೆ, ಅಮ್ಮನ ಹಿಡಿಕೆ

ರಾತ್ರಿ ಹನ್ನೊಂದೂವರೆ. ಬೆಳಗಾಗುವುದರೊಳಗೆ ಈ ಪುಟ ಮುಗಿಯದಿದ್ದರೆ ಯುಗಾದಿಗೆ ಸುದ್ದಿಪತ್ರ ನಿಮ್ಮ ಕೈ ಸೇರುವುದಿಲ್ಲ. ಬೇವು-ಬೆಲ್ಲದ ಬಗ್ಗೆ ಬರೆಯೋಣವೆಂದು ಕೂತೆ. ಮೇಜಿನ ತುಂಬ ಟ್ಯಾಕ್ಸ್ ಕಾಗದ. ವಯಸ್ಸಾದವರಿಗಾಗಿ ಮನೆಯಲ್ಲಿ ಮಾಡಿಸಿದ ಕೆಲಸಕ್ಕೆ ಇಲ್ಲಿ ಅಮೆರಿಕದಲ್ಲಿ ಸಿಗುವ ಟ್ಯಾಕ್ಸ್ ಅನುಕೂಲದ ಬಗ್ಗೆಯೇ ಬರೆಯುತ್ತೇನೆ, ಏಕೆಂದರೆ ನಮ್ಮಲ್ಲಿ ಹಲವರ ಮನೆಯಲ್ಲಿ ಈಗ ವಯಸ್ಸಾದ ಅಪ್ಪ-ಅಮ್ಮ ಇದ್ದಾರೆ.

ಹೋದ ವರ್ಷ ಫೆಬ್ರವರಿಯಲ್ಲಿ ಅಮ್ಮ ಬಾತ್‌ಟಬ್ಬಿನ ಅಂಚು ದಾಟುವಾಗ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅವರು ಆಸ್ಪತ್ರೆಯಲ್ಲಿದ್ದ ರಾತ್ರಿ ಮಗಳನ್ನು ಮಲಗಿಸುತ್ತಾ ಸಾಗರದ ಕಡೆಯ ಅಜ್ಜನ ಮನೆಯ ಕತೆ ಹೇಳಿದೆ. ಅಜ್ಜಿಯೂ ಹೀಗೇ ಬಚ್ಚಲಮನೆಯಲ್ಲಿ ಬಿದ್ದಿದ್ದರು. ಅವರು ಎದ್ದು ಓಡಾಡುವ ಹೊತ್ತಿಗೆ ಅಜ್ಜ ತೋಟದಿಂದ ಅಡಿಕೆ ಮರ ಸೀಳಿದ ದಬ್ಬೆ ತಂದು, ಅಜ್ಜಿಯ ಮಂಚದಿಂದ ಬಚ್ಚಲ ಹಂಡೆಯ ತನಕ ಗೋಡೆಗುಂಟ ಸೊಂಟದೆತ್ತರಕ್ಕೆ ಬಡಿದಿದ್ದರು. ಕೈಗೆ ಸಿಬಿರು ಚುಚ್ಚಬಾರದೆಂದು ನಾಲ್ಕು ದಿನ ಜಗಲಿಯಲ್ಲಿ ಕೂತು ಅದನ್ನು ತೆಂಗಿನ ಸಿಪ್ಪೆಯಿಂದ ಉಜ್ಜಿದ್ದು ನನಗೆ ನೆನಪಿದೆ. ಎರಡು ಹೊಸ್ತಿಲಿಗೂ ಇಳಿಜಾರು ಹಲಗೆ ಇಟ್ಟರು. ಆಮೇಲೆ ದೀಪ ಆರಿಸಿ, ಕಣ್ಣು ಮುಚ್ಚಿಕೊಂಡು ತಾವೇ ದಬ್ಬೆ ಹಿಡಿದು ನಡೆದು ನೋಡಿದರು. ಅಜ್ಜಿ ರಾತ್ರಿ ಯಾರನ್ನೂ ಎಬ್ಬಿಸದೆ ಕತ್ತಲಲ್ಲೇ ಹೋಗುವವರು ಎಂದು ಅವರಿಗೆ ಗೊತ್ತಿತ್ತು. ವರ್ಷ ಕಳೆದಂತೆ ಅಂಗೈಯ ಎಣ್ಣೆ ಕುಡಿದು ದಬ್ಬೆ ಕಪ್ಪಗೆ ಮಿಂಚತೊಡಗಿತು. ಅಜ್ಜಿ ಹೋದ ಮೇಲೂ ಅದನ್ನು ಯಾರೂ ಕೀಳಲಿಲ್ಲ. ಕೊನೆಗೆ ಅಜ್ಜನೇ ಅದನ್ನು ಹಿಡಿದು ನಡೆದರು.

ಮಗಳು ಎಲ್ಲ ಕೇಳಿ, "ಹಾಗಾದ್ರೆ ನಮ್ಮನೇಲಿ ಅಜ್ಜಿಗೆ ದಬ್ಬೆ ಎಲ್ಲಿದೆ ಅಮ್ಮಾ?" ಅಂದಳು.

ಅಮ್ಮ ಮನೆಗೆ ಬರುವುದರೊಳಗೆ ಬಚ್ಚಲಿಗೆ ಹಿಡಿಕೆಗಳು ಬಂದವು. ಟಬ್ ಹೋಗಿ ತಗ್ಗಿನ ಶವರ್ ಆಯಿತು, ವಾಕರ್ ಹಿಡಿಸುವಷ್ಟು ಬಾಗಿಲು ಅಗಲವಾಯಿತು, ಗ್ಯಾರೇಜಿಗೆ ರ‍್ಯಾಂಪ್ ಬಂತು. ಅಮ್ಮನಿಗಾಗಿ ಮಾಡಿದ್ದಕ್ಕೆ ಲೆಕ್ಕ ಯಾಕೆ ಎಂದು ಅರ್ಧ ರಸೀದಿ ಬಿಸಾಡಿದ್ದೆ. ಅದು ತಪ್ಪು. ವೈದ್ಯಕೀಯ ಕಾರಣಕ್ಕೆ ಮನೆಯಲ್ಲಿ ಮಾಡಿಸಿದ ಇಂಥ ಕೆಲಸವನ್ನು ಇಲ್ಲಿಯ ತೆರಿಗೆ ಇಲಾಖೆ ಐಆರ್‌ಎಸ್ ವೈದ್ಯಕೀಯ ಖರ್ಚೆಂದೇ ಒಪ್ಪುತ್ತದೆ. ಅವರ ಕೈಪಿಡಿ ಪಬ್ಲಿಕೇಶನ್ 502ರಲ್ಲಿ ಎಲ್ಲ ಇದೆ, ಒಮ್ಮೆ ಓದಿ. ಹಿಡಿಕೆ, ರ‍್ಯಾಂಪ್, ಬಾಗಿಲು ಅಗಲಿಸುವುದು, ಅಡುಗೆಮನೆಯ ಕಪಾಟು ತಗ್ಗಿಸುವುದು, ಇವುಗಳಿಂದ ಮನೆಯ ಬೆಲೆ ಸಾಮಾನ್ಯವಾಗಿ ಏರುವುದಿಲ್ಲ, ಹಾಗಾಗಿ ನ್ಯಾಯವಾದ ಖರ್ಚು ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಲಿಫ್ಟ್ ಹಾಗಲ್ಲ. 8,000 ಡಾಲರ್ ಕೊಟ್ಟು ಹಾಕಿಸಿದ ಲಿಫ್ಟ್‌ನಿಂದ ಮನೆಯ ಬೆಲೆ 4,400 ಏರಿದರೆ, ಉಳಿದ 3,600 ಮಾತ್ರ ಖರ್ಚು. ಚೆಂದಕ್ಕೆಂದು ಹಾಕಿಸಿದ ದುಬಾರಿ ಕಲ್ಲಿಗೆ ಕೊಟ್ಟ ಹೆಚ್ಚಿನ ಹಣ ಬರುವುದಿಲ್ಲ. ಬಾಡಿಗೆ ಮನೆಯಾದರೆ, ನೀವೇ ಕೊಟ್ಟಿದ್ದರೆ, ಪೂರ್ತಿ ಹಣ ಬರುತ್ತದೆ.

ಎಲ್ಲರಿಗೂ ಇದರಿಂದ ದುಡ್ಡು ಉಳಿಯುತ್ತದೆ ಎನ್ನಲಾರೆ. ವರ್ಷದ ವೈದ್ಯಕೀಯ ಖರ್ಚೆಲ್ಲ ಸೇರಿ ಅಡ್ಜಸ್ಟೆಡ್ ಗ್ರಾಸ್ ಇನ್‌ಕಮ್‌ನ (ಕೆಲವು ಕಡಿತ ಕಳೆದ ಮೇಲಿನ ಒಟ್ಟು ಆದಾಯದ) 7.5% ದಾಟಿದ ಭಾಗವನ್ನು ಮಾತ್ರ ಆದಾಯದಿಂದ ಕಳೆಯಬಹುದು. ಆ ಆದಾಯ ಒಂದು ಲಕ್ಷ ಡಾಲರ್ ಇದ್ದರೆ ಮೊದಲ 7,500 ಲೆಕ್ಕಕ್ಕಿಲ್ಲ. ಮೇಲಾಗಿ ಖರ್ಚುಗಳನ್ನು ಒಂದೊಂದಾಗಿ ತೋರಿಸುವ ಶೆಡ್ಯೂಲ್ ಎ ಫಾರಂ ತುಂಬಬೇಕು. ಒಟ್ಟಾಗಿ ಫೈಲ್ ಮಾಡುವ ದಂಪತಿಗೆ 2025ರ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಹಾಗೆ ತೋರಿಸದೆಯೇ ಕಳೆಯಬಹುದಾದ ಮೊತ್ತ, 31,500 ಡಾಲರ್. ಈ ಖರ್ಚಿನ ಜೊತೆ ಮನೆಸಾಲದ ಬಡ್ಡಿ, ಟ್ಯಾಕ್ಸ್, ದಾನ ಎಲ್ಲ ಸೇರಿ ಅದನ್ನು ದಾಟಿದರಷ್ಟೇ ಉಪಯೋಗ. ದೊಡ್ಡ ಕೆಲಸ ಮಾಡಿಸಿದ ವರ್ಷ ದಾಟುವುದುಂಟು. ಇನ್ಶೂರೆನ್ಸ್ ಅಥವಾ ಎಚ್‌ಎಸ್‌ಎ (ವೈದ್ಯಕೀಯ ಖರ್ಚಿಗೆಂದೇ ಇರುವ ಉಳಿತಾಯ ಖಾತೆ) ಭರಿಸಿದ್ದನ್ನು ಮತ್ತೆ ತೋರಿಸುವಂತಿಲ್ಲ.

ನಮ್ಮವರು ಎಡವುವುದು ಇನ್ನೊಂದು ಕಡೆ. ಅಪ್ಪ-ಅಮ್ಮನ ಖರ್ಚಿನಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ನೀವು ನೋಡಿಕೊಳ್ಳುತ್ತಿರಬೇಕು. ಅವರಿಗೆ ಸ್ವಂತ ಆದಾಯ ಇದೆ ಎಂಬ ಒಂದೇ ಕಾರಣಕ್ಕೆ ಈ ಅನುಕೂಲ ತಪ್ಪುವುದಿಲ್ಲ. ಆದರೆ ಅವರು ಅಮೆರಿಕದ ಪ್ರಜೆಗಳೋ ಟ್ಯಾಕ್ಸ್ ಲೆಕ್ಕದಲ್ಲಿ ಇಲ್ಲಿಯ ನಿವಾಸಿಗಳೋ, ಇಲ್ಲವೇ ಕೆನಡಾ ಅಥವಾ ಮೆಕ್ಸಿಕೊ ನಿವಾಸಿಗಳೋ ಆಗಿರಬೇಕು. ಗ್ರೀನ್ ಕಾರ್ಡ್ ಇದ್ದರೆ ಸರಿ. ವಿಸಿಟರ್ ವೀಸಾದಲ್ಲಿ ಕೆಲವು ತಿಂಗಳಿಗೆ ಬಂದುಹೋಗುವವರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಊರಲ್ಲೇ ಇರುವ ತಂದೆತಾಯಿಗೆ ಅಲ್ಲಿಯ ಮನೆಯಲ್ಲಿ ಹಾಕಿಸಿಕೊಟ್ಟದ್ದೂ ಸಾಮಾನ್ಯವಾಗಿ ಬರುವುದಿಲ್ಲ. ಇದನ್ನು ಬರೆಯುವಾಗ ಕೈ ಒಂದು ಕ್ಷಣ ನಿಂತಿತು. ನಮ್ಮಲ್ಲಿ ಎಷ್ಟೋ ಜನರ ದಬ್ಬೆ ಇರುವುದು ಅಲ್ಲೇ.

ಕೆಲಸ ಶುರುವಾಗುವ ಮುಂಚೆ ಇದು ವೈದ್ಯಕೀಯ ಕಾರಣಕ್ಕೆ ಬೇಕು ಎಂದು ಡಾಕ್ಟರಿಂದ ಎರಡು ಸಾಲಿನ ಪತ್ರ ಬರೆಸಿಕೊಳ್ಳಿ, ರಸೀದಿಗಳನ್ನು ಒಂದು ಲಕೋಟೆಗೆ ಹಾಕಿಡಿ. ಯಾವ ವರ್ಷ ಹಣ ಕೊಟ್ಟಿರೋ ಆ ವರ್ಷದ ಲೆಕ್ಕಕ್ಕೆ ಸೇರುತ್ತದೆ. ಡಿಸೆಂಬರಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜಿದ್ದರೆ ಡಿಸೆಂಬರಿನದೇ. ಹಿಂದೆ ಬಿಟ್ಟುಹೋಗಿದ್ದರೆ ಸಾಮಾನ್ಯವಾಗಿ ಫೈಲ್ ಮಾಡಿದ 3 ವರ್ಷದೊಳಗೆ 1040-ಎಕ್ಸ್ ಫಾರಂನಲ್ಲಿ ಸರಿಪಡಿಸಬಹುದು. ಈ ವರ್ಷ ಟ್ಯಾಕ್ಸ್ ಫೈಲ್ ಮಾಡಲು ಕಡೆಯ ದಿನ ಏಪ್ರಿಲ್ 15. ನಿಮ್ಮ ಟ್ಯಾಕ್ಸ್ ನೋಡುವವರನ್ನು ಕೇಳಿಯೇ ಮುಂದುವರಿಯಿರಿ.

ಇನ್ನು ಸೂಚನೆಗಳು. ಯುಗಾದಿ ಊಟ ಮಾರ್ಚ್ 28, ಶನಿವಾರ, ಹನ್ನೊಂದಕ್ಕೆ. ಹೋಳಿಗೆಗೆ ಹೆಸರು ಕೊಡಲು 22 ಕಡೆಯ ದಿನ. ಊಟದ ದಿನ ಕನ್ನಡ ಶಾಲೆ ಇಲ್ಲ. ಮಕ್ಕಳ ನಾಟಕದ ತಾಲೀಮು ಭಾನುವಾರ ಮೂರಕ್ಕೆ. ಸದಸ್ಯತ್ವ ನವೀಕರಿಸದವರು ದಯವಿಟ್ಟು ನವೀಕರಿಸಿ. ಸುದ್ದಿಪತ್ರದ ಕರಡು ತಿದ್ದಲು ಒಬ್ಬರಾದರೂ ಬನ್ನಿ. ಮೂರು ವರ್ಷದಿಂದ ಒಬ್ಬಳೇ ಮಾಡುತ್ತಿದ್ದೇನೆ, ಈಗ ಆಗುತ್ತಿಲ್ಲ.

ಹಾಲ್‌ನ ಬಾಗಿಲಲ್ಲಿ ಎರಡು ಮೆಟ್ಟಿಲಿವೆ. ಈ ಸಲ ಊಟಕ್ಕೆ ಗಾಲಿಕುರ್ಚಿಯಲ್ಲಿ ಬರುವ ಹಿರಿಯರು ಮೂವರಿದ್ದಾರೆ. ಬಿಚ್ಚಿ ಜೋಡಿಸುವ ರ‍್ಯಾಂಪ್ ಬಾಡಿಗೆಗೆ ಹೇಳಿದ್ದೇನೆ. ಬೆಳಿಗ್ಗೆ ಒಂಬತ್ತಕ್ಕೆ ಅದನ್ನು ತರಲು ವ್ಯಾನ್ ಇರುವವರು ಒಬ್ಬರು, ಎತ್ತಿಡಲು ಇಬ್ಬರು ಬೇಕು.