ಸಿ ತಳಿಯೋ ಬಿ ತಳಿಯೋ: ಮಾವನ ಕಾಗದ

ಶಿರಸಿ

ಚಿ. ಗಣಪತಿಗೆ ನಿನ್ನ ಮಾವನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಬಾಯಿಬಿಟ್ಟು ಉತ್ತರ ಹೇಳುವ ಹಾಗಿರಲಿಲ್ಲ, ಜಗಲಿಯಲ್ಲಿ ಅಡಿಕೆ ಸುಲಿಯುವವರು ಕೂತಿದ್ದರು. ಅದಕ್ಕೇ ಈ ಕಾಗದ. ಓದಿ ಹರಿದು ಹಾಕಿದರೂ ಅಡ್ಡಿಯಿಲ್ಲ.

"ನಮ್ಮಲ್ಲಿರೋದು ಸಿ ತಳಿಯ ಎಚ್.ಐ.ವಿ., ಮಾತ್ರೆ ಮಾಡಿದ್ದು ಅಮೆರಿಕದ ಬಿ ತಳಿಗೆ, ನುಂಗಿ ಏನು ಉಪಯೋಗ" ಅಂದೆಯಲ್ಲ, ಅದರಲ್ಲಿ ಮೊದಲರ್ಧ ನಿಜವೇ. ಭಾರತ, ಇಥಿಯೋಪಿಯಾ, ಆಫ್ರಿಕಾದ ದಕ್ಷಿಣ ಭಾಗದಲ್ಲಿ ಹೆಚ್ಚಾಗಿ ಇರುವುದು ಸಿ. ಜಗತ್ತಿನ ಸೋಂಕಿತರಲ್ಲಿ ಹೆಚ್ಚುಕಡಿಮೆ ಅರ್ಧ ಜನರಲ್ಲಿ ಇದೇ ಇದೆ. ಬಿ ಇರುವುದು ಮುಖ್ಯವಾಗಿ ಅಮೆರಿಕ, ಪಶ್ಚಿಮ ಯುರೋಪಿನಲ್ಲಿ. ಮೊದಮೊದಲ ಔಷಧಗಳ ಪರೀಕ್ಷೆ ನಡೆದದ್ದೂ ಬಹುಪಾಲು ಬಿ ಮೇಲೆಯೇ. ದುಡ್ಡಿದ್ದ ಕಡೆ ಮದ್ದು ಹುಟ್ಟಿತು, ಈ ವಿಷಯದಲ್ಲಿ ನನಗೂ ಸಿಟ್ಟಿದೆ. ಹಾಗಂತ ಮಾತ್ರೆ ಬಿಡುತ್ತೇನೆ ಅನ್ನುವುದು ಕೋಪದಲ್ಲಿ ಮೂಗು ಕೊಯ್ದುಕೊಂಡ ಹಾಗೆ.

ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ಕೂತು ತಿಳಿದುಕೊಂಡಿದ್ದನ್ನು ಹೇಳುತ್ತೇನೆ, ಕೇಳು. ಸರಿಯಾಗಿ ನುಂಗಿದರೆ ಮದ್ದಿಗೆ ಬಿ ಮಣಿದಷ್ಟೇ ಸಿ ಕೂಡ ಮಣಿಯುತ್ತದೆ. ತಳಿಗಳ ಭೇದ ಕಾಣುವುದು ಮದ್ದಿನಿಂದ ತಪ್ಪಿಸಿಕೊಳ್ಳಲು ಅವು ಹಿಡಿಯುವ ದಾರಿಯಲ್ಲಿ. ವೈರಸ್ಸು ತನ್ನನ್ನು ನಕಲು ಮಾಡಿಕೊಳ್ಳುವ ಕಿಣ್ವದಲ್ಲಿ 106ನೆಯ ಜಾಗ ಅಂತ ಒಂದಿದೆ. ಅಲ್ಲಿಗೆ ಏನು ಬರಬೇಕು ಅಂತ ವೈರಸ್ಸಿನ ವಂಶವಾಹಿಯಲ್ಲಿ ಮೂರಕ್ಷರದ ಬರಹ ಇರುತ್ತದೆ, ಅದು ಸಿ ಯಲ್ಲಿ ಸಾಮಾನ್ಯವಾಗಿ ಜಿ-ಟಿ-ಜಿ, ಬಿ ಯಲ್ಲಿ ಜಿ-ಟಿ-ಎ. ಎರಡರಿಂದಲೂ ಹುಟ್ಟುವುದು ವ್ಯಾಲೀನ್ ಎಂಬ ಒಂದೇ ಅಮೈನೊ ಆಮ್ಲ, ಅಂದರೆ ಕಿಣ್ವವನ್ನು ಕಟ್ಟುವ ಇಟ್ಟಿಗೆ. ಆದರೆ ಸಿ ಯಲ್ಲಿ ಮೊದಲಕ್ಷರವೊಂದು ತಪ್ಪಿ ಎ-ಟಿ-ಜಿ ಆದರೆ ಮುಗಿಯಿತು, ವ್ಯಾಲೀನ್ ಜಾಗಕ್ಕೆ ಮೆಥಿಯೊನೀನ್ ಬಂದು ಕೂರುತ್ತದೆ. ಆ ಕಿಣ್ವವನ್ನು ತಡೆಯುವ ಎಫಾವಿರೆಂಜ್, ನೆವಿರಾಪಿನ್ ಎಂಬ ಎರಡು ಮದ್ದುಗಳ ಹಿಡಿತವೂ ಜಾರುತ್ತದೆ. ಬಿ ತಳಿ ಅಲ್ಲಿಗೆ ಮುಟ್ಟಬೇಕಾದರೆ ಎರಡಕ್ಷರ ತಪ್ಪಬೇಕು. 65ನೆಯ ಜಾಗದಲ್ಲೂ ಸಿ ಎಡವುವುದು ಹೆಚ್ಚು, ಅಲ್ಲಿ ಎಡವಿದರೆ ಟೆನೊಫೊವಿರ್ ಎಂಬ ಇನ್ನೊಂದು ಮದ್ದಿನ ಬಲ ಕುಂದುತ್ತದೆ. ಹಿಂದೆ ಮಗುವಿಗೆ ಸೋಂಕು ತಗುಲದಿರಲಿ ಅಂತ ಹೆರಿಗೆಯ ಹೊತ್ತಿಗೆ ತಾಯಿಗೆ ನೆವಿರಾಪಿನ್ನಿನ ಒಂದೇ ಒಂದು ಮಾತ್ರೆ ಕೊಡುತ್ತಿದ್ದರು. ಆಫ್ರಿಕಾದಲ್ಲಿ ನೋಡಿದಾಗ, ಆಮೇಲೆ ಆ ಮದ್ದಿಗೆ ಬಗ್ಗದ ವೈರಸ್ಸು ಎ ತಳಿಯ ತಾಯಂದಿರಿಗಿಂತ ಸಿ ತಳಿಯವರಲ್ಲಿ ಎಷ್ಟೋ ಹೆಚ್ಚು ಕಂಡಿತ್ತು.

ಈಗ ನಿನ್ನ ಡಬ್ಬಿ ನೋಡು. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಅಂತ ಇದೆ, ಎಫಾವಿರೆಂಜ್ ಇಲ್ಲ. ಡೊಲುಟೆಗ್ರಾವಿರ್ ಕೆಲಸ ಮಾಡುವುದು ಇಂಟಿಗ್ರೇಸ್ ಎಂಬ ಬೇರೆಯೇ ಕಿಣ್ವದ ಮೇಲೆ, 106ರ ಗೊಡವೆಯೇ ಅದಕ್ಕಿಲ್ಲ. ಅದರಿಂದ ತಪ್ಪಿಸಿಕೊಳ್ಳುವುದು ಬಿ ಗೂ ಕಷ್ಟ, ಸಿ ಗೂ ಕಷ್ಟ. ಗೋವಾದಲ್ಲಿ ದುಬಾರಿ ಮಾತ್ರೆ ಸಿಗುತ್ತದೆ ಅಂತ ನಿನ್ನ ತಲೆ ತಿಂದವನು ಯಾರೋ, ಅವನಿಗೆ ಇದನ್ನು ಹೇಳು. ಎರಡು ತಿಂಗಳಿಗೊಮ್ಮೆ ಚುಚ್ಚುವ ಹೊಸ ಇಂಜೆಕ್ಷನ್ ಬಗ್ಗೆಯೂ ಕೇಳಿದ್ದೆ. ತಳಿ ನೋಡಬೇಕಾದ್ದು ಅಲ್ಲಿ. ರಷ್ಯಾ ಕಡೆಯ ಎ6 ತಳಿ ಇದ್ದು, ಜೊತೆಗೆ ಮೈತೂಕ ಹೆಚ್ಚಿದ್ದರೆ ಅಥವಾ ಅದರಲ್ಲಿರುವ ರಿಲ್ಪಿವಿರಿನ್ ಎಂಬ ಮದ್ದಿಗೆ ವೈರಸ್ಸು ಮೊದಲೇ ಬಗ್ಗದಂತಾಗಿದ್ದರೆ, ಆ ಇಂಜೆಕ್ಷನ್ ಸೋಲುವ ಸಂಭವ ಹೆಚ್ಚು.

ತಳಿಗಿಂತ ದೊಡ್ಡ ಭೇದ ಎಚ್.ಐ.ವಿ.-1, ಎಚ್.ಐ.ವಿ.-2 ಅನ್ನುವುದು. 2ಕ್ಕೆ ಎಫಾವಿರೆಂಜ್, ನೆವಿರಾಪಿನ್ ಮೊದಲಿನಿಂದಲೂ ತಾಗುವುದೇ ಇಲ್ಲ. ನಿನ್ನ ರಿಪೋರ್ಟಿನಲ್ಲಿ 1 ಅಂತಲೇ ಬರೆದಿದೆ, ಆ ಚಿಂತೆ ಬಿಡು.

ನನಗೆ ಹೆದರಿಕೆ ಇರುವುದು ನೀನು ಮಾತ್ರೆ ತಪ್ಪಿಸುವುದರ ಬಗ್ಗೆ. ಅಕ್ಷರ ತಪ್ಪುವ ವೈರಸ್ಸಿಗೆ ಅವಕಾಶ ಸಿಗುವುದು ರಕ್ತದಲ್ಲಿ ಮದ್ದು ಅರೆಬರೆ ಇದ್ದಾಗ. 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದು ಹೆದ್ದಾರಿ ಎಷ್ಟು ದಿನ ಬಂದ್ ಆಗಿತ್ತು, ನೆನಪಿದೆಯಲ್ಲ? ದೇವಿಮನೆ ಘಟ್ಟವನ್ನೂ ಮಳೆಗಾಲದಲ್ಲಿ ನಂಬುವ ಹಾಗಿಲ್ಲ. ನೀನು ಹಬ್ಬಕ್ಕೆ ಇಲ್ಲಿಗೆ ಬಂದು ಸಿಕ್ಕಿಬಿದ್ದರೆ ಡಬ್ಬಿ ಕಾರವಾರದ ರೂಮಿನಲ್ಲೇ ಉಳಿಯುತ್ತದೆ. ಬರುವಾಗ ಎರಡು ದಿನದ ಲೆಕ್ಕ ಹಾಕಬೇಡ, ಡಬ್ಬಿಯನ್ನೇ ಚೀಲಕ್ಕೆ ಹಾಕಿಕೊಂಡು ಬಾ.

ಇನ್ನೊಂದು. ಎದೆಯುರಿಗೆ ಅಂತ ಆಂಟಾಸಿಡ್ ಕುಡಿಯುತ್ತೀಯಂತೆ, ಅಮ್ಮ ಕೊಟ್ಟ ಕಬ್ಬಿಣದ ಮಾತ್ರೆಯೂ ಇದೆಯಂತೆ. ಅವು ಹೊಟ್ಟೆಯಲ್ಲಿ ಡೊಲುಟೆಗ್ರಾವಿರನ್ನು ಹಿಡಿದಿಟ್ಟುಕೊಂಡು ಮೈಗೆ ಸೇರಗೊಡುವುದಿಲ್ಲ. ನಿನ್ನ ಎಚ್.ಐ.ವಿ. ಮಾತ್ರೆ ಅವಕ್ಕಿಂತ 2 ಗಂಟೆ ಮೊದಲು ತೆಗೆದುಕೋ, ಇಲ್ಲವೇ 6 ಗಂಟೆ ಬಿಟ್ಟು. ಕ್ಷಯಕ್ಕೆ ರಿಫಾಂಪಿಸಿನ್ ಎಂಬ ಮದ್ದು ಶುರು ಮಾಡಬೇಕಾಗಿ ಬಂದರೆ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಹೊತ್ತು ಬೇಕಾಗುತ್ತದೆ, ವೈದ್ಯರಿಗೆ ಮುಚ್ಚಿಡಬೇಡ.

ಕೆಲಸದ ವಿಷಯಕ್ಕೆ 2017ರ ಎಚ್.ಐ.ವಿ. ಕಾಯ್ದೆ ಇದೆ, ಸೋಂಕಿದೆ ಅಂತ ಕೆಲಸದಿಂದ ತೆಗೆಯುವಂತಿಲ್ಲ. ಅಮ್ಮನಿಗೆ ಹೇಳುವುದು ಬಿಡುವುದು ನಿನಗೆ ಸೇರಿದ್ದು, ನನ್ನ ಬಾಯಿಂದ ಬರುವುದಿಲ್ಲ.

ತಮಾ, ತಳಿ ಯಾವುದು ಅಂತ ಹುಡುಕುತ್ತ ರಾತ್ರಿ ಮೊಬೈಲ್ ನೋಡಿದ್ದು ಸಾಕು. ಮದ್ದು ನಿನಗೆ ಹಿಡಿದಿದೆಯೋ ಇಲ್ಲವೋ ಹೇಳುವುದು ಆರನೆಯ ತಿಂಗಳ ವೈರಲ್ ಲೋಡ್ ಪರೀಕ್ಷೆ. ರಕ್ತದಲ್ಲಿ ವೈರಸ್ಸು ಎಷ್ಟಿದೆ ಅಂತ ಅದು ಎಣಿಸುತ್ತದೆ; ಮಿಲಿಲೀಟರಿಗೆ ವೈರಸ್ಸಿನ ಪ್ರತಿಗಳು 1000ಕ್ಕಿಂತ ಕೆಳಗೆ ಬಂದಿರಬೇಕು, ಕಾಣಿಸದಷ್ಟು ಇಳಿದರಂತೂ ಇನ್ನೂ ಒಳ್ಳೆಯದು. ಫಲಿತಾಂಶದ ಫೋಟೋ ವಾಟ್ಸಾಪಿಗೆ ಹಾಕಬೇಡ, ನನ್ನ ಫೋನು ಮನೆಯ ಮಕ್ಕಳ ಕೈಯಲ್ಲೇ ಇರುತ್ತದೆ. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಫೋನ್ ಮಾಡಿ ಅಂಕಿ ಹೇಳು.

ಇತಿ,
ನಿನ್ನ ಮಾವ