ದರ ವಿಚಾರಿಸಿದವರನ್ನೆಲ್ಲ ಗಿರಾಕಿಗಳೆಂದು ಲೆಕ್ಕ ಹಾಕಿದ ಬಗ್ಗೆ ದೂರು

ಇವರಿಗೆ:
ವ್ಯವಸ್ಥಾಪಕರು,
ನಮ್ಮ ಆನ್‌ಲೈನ್ ಜಾಹೀರಾತು ನಿರ್ವಹಿಸುತ್ತಿರುವ ಸಂಸ್ಥೆ, ಹುಬ್ಬಳ್ಳಿ

ಇವರಿಂದ:
ಒಣಮೆಣಸಿನಕಾಯಿ ಮತ್ತು ಖಾರದ ಪುಡಿ ಗೃಹೋದ್ಯಮದ ಮಾಲೀಕಳು,
ಬ್ಯಾಡಗಿ, ಹಾವೇರಿ ಜಿಲ್ಲೆ

ವಿಷಯ: ಜನವರಿಯಿಂದ ಮಾರ್ಚ್‌ವರೆಗಿನ ಗೂಗಲ್ ಜಾಹೀರಾತು ನಿರ್ವಹಣೆಯ ಲೋಪ ಮತ್ತು ಕನ್ವರ್ಷನ್‌ಗಳ, ಅಂದರೆ ಜಾಹೀರಾತು ಒತ್ತಿ ಬಂದು ಗಿರಾಕಿಗಳಾದವರ, ತಪ್ಪು ಲೆಕ್ಕ

ಮಾನ್ಯರೇ,

ನೀವು ಕಳುಹಿಸಿದ ಮೂರು ತಿಂಗಳ ವರದಿ ಕೈಸೇರಿದೆ. ಜಾಹೀರಾತು 41,200 ಬಾರಿ ಕಾಣಿಸಿದೆ, 3,914 ಕ್ಲಿಕ್ ಬಂದಿವೆ, ಕ್ಲಿಕ್ ಪ್ರಮಾಣ ಶೇ 9.5, ಕನ್ವರ್ಷನ್ 412, ಒಂದು ಕನ್ವರ್ಷನ್‌ಗೆ ತಗುಲಿದ ವೆಚ್ಚ 114 ರೂಪಾಯಿ ಎಂದು ಮೊದಲ ಪುಟದಲ್ಲಿ ದಪ್ಪಕ್ಷರಗಳಲ್ಲಿದೆ. ಇದೇ ಅವಧಿಯಲ್ಲಿ ಜಾಹೀರಾತಿನಿಂದ ನಮಗೆ ಬಂದ ಆರ್ಡರ್‌ಗಳು 23. ಒಂದೊಂದರ ಕೊರಿಯರ್ ರಸೀದಿಯನ್ನೂ ನನ್ನ ಲೆಕ್ಕದ ಪುಸ್ತಕದಲ್ಲಿ ಅಂಟಿಸಿಟ್ಟಿದ್ದೇನೆ. ಉಳಿದ 389 ಎಲ್ಲಿಂದ ಬಂದವು ಎಂದು ಕೇಳಲು ಈ ಪತ್ರ.

ಫೋನಿನಲ್ಲಿ ಎರಡು ಬಾರಿ ಕೇಳಿದೆ. "ಮೇಡಂ, ಇಷ್ಟು ಒಳ್ಳೆಯ ಕ್ಲಿಕ್ ಪ್ರಮಾಣ ನಮ್ಮ ಬೇರೆ ಯಾವ ಗ್ರಾಹಕರಿಗೂ ಬಂದಿಲ್ಲ, ಸ್ವಲ್ಪ ತಾಳ್ಮೆ ಇರಲಿ" ಎಂದು ನಿಮ್ಮ ಸಿಬ್ಬಂದಿ ಹೇಳಿದರು. ಖಾತೆಯನ್ನು ನೋಡಲು ಅವಕಾಶ ಕೊಡಿ ಎಂದು ಜನವರಿಯಿಂದಲೇ ಕೇಳುತ್ತಿದ್ದೆ. ಏಪ್ರಿಲ್ 2ರಂದು ಕೊಟ್ಟಿರಿ, ಅದೂ ಓದಲು ಮಾತ್ರ. ಧಾರವಾಡದಲ್ಲಿ ಓದುತ್ತಿರುವ ನನ್ನ ತಂಗಿಯ ಮಗಳು ರಜೆಗೆ ಬಂದಿದ್ದಳು. ಇಬ್ಬರೂ ಮೂರು ರಾತ್ರಿ ಕುಳಿತು ಒಂದೊಂದೇ ಪುಟ ತೆರೆದು ನೋಡಿದೆವು. ಕಂಡದ್ದನ್ನು ಬರೆಯುತ್ತೇನೆ.

ಮೊದಲು ನೋಡಿದ್ದು ಜನ ಏನೆಂದು ಹುಡುಕಿದಾಗ ನಮ್ಮ ಜಾಹೀರಾತು ಬಂದಿತು ಎಂಬ ಪಟ್ಟಿ. ಗೂಗಲ್ ಎಲ್ಲ ಹುಡುಕಾಟಗಳನ್ನೂ ತೋರಿಸುವುದಿಲ್ಲ ಎಂಬುದು ಗೊತ್ತು, ತೋರಿಸಿದಷ್ಟರಲ್ಲೇ ಸಾಕಷ್ಟಿತ್ತು. "ಬ್ಯಾಡಗಿ ಮೆಣಸಿನಕಾಯಿ ಇಂದಿನ ದರ", "ಬ್ಯಾಡಗಿ ಎಪಿಎಂಸಿ ರೇಟ್", "ಡಬ್ಬಿ ಕಾಯಿ ಧಾರಣೆ", "ಕಡ್ಡಿ ಮೆಣಸಿನಕಾಯಿ ಬೀಜ", "ಮೆಣಸಿನ ಗಿಡದ ಮುಟುರು ರೋಗಕ್ಕೆ ಔಷಧಿ". ಬ್ಯಾಡಗಿಯಿಂದ ಹುಬ್ಬಳ್ಳಿಗೆ ರೈಲು ಎಷ್ಟು ಹೊತ್ತಿಗೆ ಎಂದು ಹುಡುಕಿದವರಿಗೂ ನಮ್ಮ ಖಾರದ ಪುಡಿಯ ಜಾಹೀರಾತು ತೋರಿಸಲಾಗಿದೆ. ದರ, ಧಾರಣೆ, ರೇಟ್ ಎಂಬ ಮೂರು ಪದಗಳಿರುವ ಹುಡುಕಾಟಗಳಿಂದಲೇ 2,870 ಕ್ಲಿಕ್ ಬಂದಿವೆ. ಕ್ಲಿಕ್‌ಗೆ ಸರಾಸರಿ 12 ರೂಪಾಯಿಯಂತೆ ಲೆಕ್ಕ ಹಾಕಿದರೆ 34,440 ರೂಪಾಯಿ.

ಇವು ಮೋಸದ ಕ್ಲಿಕ್‌ಗಳಿರಬಹುದು, ಗೂಗಲ್ ತಾನೇ ಹಣ ಹಿಂದಿರುಗಿಸುತ್ತದೆ ಎಂದು ನಿಮ್ಮ ಸಿಬ್ಬಂದಿ ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಅಮಾನ್ಯ ಕ್ಲಿಕ್‌ಗಳ ಅಂಕಣ ವರದಿಯಲ್ಲೇ ಇದೆ, ಅಲ್ಲಿರುವ ಸಂಖ್ಯೆ ತೀರಾ ಸಣ್ಣದು. ಕ್ಲಿಕ್ ಮಾಡಿದವರು ನಿಜವಾದ ಜನ, ಹೆಚ್ಚಿನವರು ರೈತರು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಟೆಂಡರ್ ನಡೆಯುವುದು ಸೋಮವಾರ ಮತ್ತು ಗುರುವಾರ. ದಿನವಾರು ವರದಿ ತೆರೆದರೆ ಕ್ಲಿಕ್‌ಗಳು ಗುಡ್ಡೆ ಬಿದ್ದಿರುವುದು ಆ ಎರಡೇ ದಿನ. ದಿನದ ಸರಾಸರಿ ಮಿತಿ 525 ರೂಪಾಯಿ ಎಂದು ನಾವು ಮಾತಾಡಿದ್ದೆವು. ಒಂದೇ ದಿನದಲ್ಲಿ ಅದರ ಎರಡು ಪಟ್ಟಿನವರೆಗೆ ಖರ್ಚಾಗಬಹುದು ಎಂಬುದನ್ನು ನೀವು ತಿಳಿಸಲೇ ಇಲ್ಲ. ಸೋಮವಾರಗಳಲ್ಲಿ 900 ದಾಟಿದೆ. ಬೆಂಗಳೂರಿನವರು ಬಿಡುವಾಗಿ ಕುಳಿತು ಅಡುಗೆಮನೆಗೆ ಸಾಮಾನು ತರಿಸುವ ಭಾನುವಾರ 200 ಕೂಡ ಮುಟ್ಟಿಲ್ಲ.

ಇಷ್ಟು ರೈತರು ನಮ್ಮ ಪುಟಕ್ಕೆ ಬಂದದ್ದು ತಾನಾಗಿ ಅಲ್ಲ, ನೀವು ಕರೆತಂದಿರಿ. ನಾನು ಒಪ್ಪಿಗೆ ಕೊಟ್ಟ ಶೀರ್ಷಿಕೆ "ತೊಟ್ಟು ಬಿಡಿಸಿದ ಬ್ಯಾಡಗಿ ಮೆಣಸಿನಕಾಯಿ, ಮನೆ ಬಾಗಿಲಿಗೆ". ಜನವರಿ ಎರಡನೆಯ ವಾರದಲ್ಲಿ ನೀವು ಅದಕ್ಕೆ "ಬ್ಯಾಡಗಿ ಮೆಣಸಿನಕಾಯಿ ಇಂದಿನ ದರ ನೋಡಿ" ಎಂಬ ಇನ್ನೊಂದನ್ನು ಸೇರಿಸಿದ್ದೀರಿ. ನನ್ನನ್ನು ಕೇಳಲಿಲ್ಲ. ಆವಕ ಏರುವ ಕಾಲದಲ್ಲಿ, ದರ ಹುಡುಕುವ ರೈತರ ಕಣ್ಣಿಗೆ "ಇಂದಿನ ದರ" ಎಂದು ಬಿದ್ದರೆ ಅವರು ಒತ್ತಿಯೇ ಒತ್ತುತ್ತಾರೆ. ಶೇ 9.5 ಆದದ್ದು ಹೀಗೆ. ಕ್ಲಿಕ್ ಪ್ರಮಾಣ ಹೆಚ್ಚಾದರೆ ಜಾಹೀರಾತಿಗೆ ಗೂಗಲ್ ಕೊಡುವ ಗುಣಮಟ್ಟದ ಅಂಕ ಏರುತ್ತದೆ, ಕ್ಲಿಕ್ಕಿನ ಬೆಲೆ ಇಳಿಯುತ್ತದೆ ಎಂದು ನೀವು ಬರೆದಿದ್ದೀರಿ. ನಿರೀಕ್ಷಿತ ಕ್ಲಿಕ್ ಪ್ರಮಾಣ ಆ ಅಂಕದ ಮೂರು ಭಾಗಗಳಲ್ಲಿ ಒಂದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕೊಳ್ಳಲು ಬಾರದವರನ್ನು ಅಗ್ಗವಾಗಿ ಕರೆತಂದರೂ ನನಗೆ ಅದು ನಷ್ಟವೇ.

ಹಣಕ್ಕಿಂತ ನನಗೆ ಹೆಚ್ಚು ನೋವಾದ ಸಂಗತಿ ಒಂದಿದೆ. ಫೆಬ್ರುವರಿಯ ಒಂದು ಗುರುವಾರ ಸಂಜೆ, ನಾವು ಐದು ಹೆಂಗಸರು ಅಂಗಳದ ತಾಡಪತ್ರಿಯ ಮೇಲೆ ಕುಳಿತು ತೊಟ್ಟು ಬಿಡಿಸುತ್ತಿದ್ದೆವು. ಕುಂದಗೋಳ ಕಡೆಯ ಹಿರಿಯರೊಬ್ಬರು ಫೋನ್ ಮಾಡಿದರು. ಖಾರ ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡೆ. "ತಂಗಿ, ನಿಮ್ಮಲ್ಲಿ ಕಿಲೋಗೆ 560 ಎಂದು ಬರೆದಿದೆ. ಹಾಗಾದರೆ ಕ್ವಿಂಟಲ್‌ಗೆ 56,000 ಆಯಿತಲ್ಲ? ನನ್ನ ಹತ್ತಿರ ಎಂಟು ಚೀಲ ಇದೆ, ನಾಳೆಯೇ ಗಾಡಿ ಮಾಡಿಕೊಂಡು ಬರಲೇ?" ಎಂದರು. ಅದು ಆರಿಸಿ, ಬಿಸಿಲಿಗೆ ಒಣಗಿಸಿ, ತೊಟ್ಟು ತೆಗೆದು, ಕಾಲು ಕಿಲೋದ ಪೊಟ್ಟಣ ಕಟ್ಟಿದ ಡಬ್ಬಿ ತಳಿಯ ಕಾಯಿಯ ಚಿಲ್ಲರೆ ಬೆಲೆ, ಮಾರುಕಟ್ಟೆಯ ದರವಲ್ಲ ಎಂದು ವಿವರಿಸಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ. "ಇಂದಿನ ದರ ಎಂದು ಬರೆದಿದ್ದೀರಲ್ಲ" ಎಂದಷ್ಟೇ ಹೇಳಿ ಇಟ್ಟರು. ನಮ್ಮ ಹೆಸರಿನ ಕೆಳಗೆ ಅಂಥ ಮಾತು ಬರೆಯುವ ಹಕ್ಕು ನಿಮಗೆ ಯಾರು ಕೊಟ್ಟರು? ಕಾಯಿ ಮಾರಬೇಕೋ ಶೈತ್ಯಾಗಾರಕ್ಕೆ ಹಾಕಬೇಕೋ ಎಂದು ನಿರ್ಧರಿಸುವ ಹೊತ್ತಿನಲ್ಲಿ ಒಬ್ಬ ರೈತ ಓದುವ ಮಾತು ಅದು. ನಾವು ಕಾಯಿ ಕೊಳ್ಳುವುದೂ ಇಂಥವರಿಂದಲೇ.

ಆ ಹಿರಿಯರ ಕರೆಯನ್ನೂ ನೀವು ಕನ್ವರ್ಷನ್ ಎಂದು ಎಣಿಸಿದ್ದೀರಿ. 412ರಲ್ಲಿ 301 ನಮ್ಮ ಪುಟದ ಫೋನ್ ಸಂಖ್ಯೆಯನ್ನು ಒತ್ತಿದ್ದು, 88 "ಸಂಪರ್ಕಿಸಿ" ಪುಟ ತೆರೆದದ್ದು, 23 ಮಾತ್ರ ಹಣ ಪಾವತಿಯಾದ ಆರ್ಡರ್. ಮೂರನ್ನೂ ಒಂದೇ ತೂಕದಲ್ಲಿ ಪ್ರಧಾನ ಕನ್ವರ್ಷನ್ ಎಂದು ಹೊಂದಿಸಿದ್ದೀರಿ. ಒಬ್ಬರೇ ಮೂರು ಸಲ ಒತ್ತಿದರೆ ಮೂರು ಎಂದೇ ಎಣಿಕೆಯಾಗುತ್ತದೆ. ಇದು ಬರಿಯ ವರದಿಯ ತಪ್ಪಾಗಿದ್ದರೆ ಸಹಿಸಬಹುದಿತ್ತು. ಒಂದು ಕ್ಲಿಕ್‌ಗೆ ಎಷ್ಟು ಕೊಡಬೇಕೆಂಬ ಬಿಡ್ ಮೊತ್ತವನ್ನು ಗೂಗಲ್‌ನ ಸ್ವಯಂಚಾಲಿತ ವ್ಯವಸ್ಥೆಗೆ ಬಿಟ್ಟು, ಹೆಚ್ಚು ಕನ್ವರ್ಷನ್ ತರಲು ಅದಕ್ಕೆ ಸೂಚಿಸಿದ್ದೀರಿ. ನಾವು ಯಾವುದನ್ನು ಕನ್ವರ್ಷನ್ ಎಂದು ತೋರಿಸುತ್ತೇವೆಯೋ ಅಂಥದ್ದನ್ನೇ ಅದು ಇನ್ನಷ್ಟು ಹುಡುಕಿ ತರುತ್ತದೆ. ದರ ಕೇಳಿ ಫೋನ್ ಮಾಡುವವರನ್ನು ಗಿರಾಕಿ ಎಂದು ಅದಕ್ಕೆ ಕಲಿಸಿದಿರಿ, ಅದು ಅಂಥವರನ್ನೇ ತಂದು ಸುರಿಯಿತು. ಜನವರಿಗಿಂತ ಮಾರ್ಚ್‌ನಲ್ಲಿ ಕರೆಗಳು ಹೆಚ್ಚಿವೆ, ಆರ್ಡರ್‌ಗಳು 11ರಿಂದ 5ಕ್ಕೆ ಇಳಿದಿವೆ.

ಇದನ್ನು ತಡೆಯುವ ದಾರಿ ಕಷ್ಟದ್ದೇನೂ ಅಲ್ಲ. ದರ, ಧಾರಣೆ, ರೇಟ್, ಎಪಿಎಂಸಿ, ಬೀಜ, ರೋಗ, ರೈಲು ಎಂಬ ಪದಗಳನ್ನು ನೆಗೆಟಿವ್ ಕೀವರ್ಡ್ ಪಟ್ಟಿಗೆ, ಅಂದರೆ ಯಾವ ಪದ ಹುಡುಕಿದವರಿಗೆ ಜಾಹೀರಾತು ತೋರಿಸಬಾರದು ಎಂಬ ಪಟ್ಟಿಗೆ, ಹಾಕಬೇಕಿತ್ತು. ಒಂದನ್ನು ಹಾಕಿದರೆ ಅದೇ ಅರ್ಥದ ಇನ್ನೊಂದು ತಾನಾಗಿ ನಿಲ್ಲುವುದಿಲ್ಲವಾದ್ದರಿಂದ ಎಲ್ಲವನ್ನೂ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಸೇರಿಸಬೇಕು. ಅರ್ಧ ಗಂಟೆಯ ಕೆಲಸ. ನಿಮ್ಮ ಪಟ್ಟಿ ಖಾಲಿ ಇದೆ. ಎಲ್ಲ ಕೀವರ್ಡ್‌ಗಳೂ ಬ್ರಾಡ್ ಮ್ಯಾಚ್‌ನಲ್ಲಿವೆ, ಅಂದರೆ ಸಂಬಂಧವಿದ್ದಂತೆ ಕಂಡ ಹುಡುಕಾಟಕ್ಕೆಲ್ಲ ಜಾಹೀರಾತು ಬರುತ್ತದೆ. ಬೆಂಗಳೂರು, ಮಂಗಳೂರು, ಉಡುಪಿ, ಮುಂಬೈಗೆ ಮಾತ್ರ ತೋರಿಸಿ, ಕೋರಿ ಗಸ್ಸಿಗೆ ಈ ಕಾಯಿಯ ಬಣ್ಣವೇ ಬೇಕು ಎನ್ನುವವರು ಅಲ್ಲಿದ್ದಾರೆ ಎಂದು ನಾನು ಬರೆದುಕೊಟ್ಟಿದ್ದೆ. ಖಾತೆಯಲ್ಲಿ ಇಡೀ ಕರ್ನಾಟಕ ಎಂದಿದೆ. ಬದಲಾವಣೆಗಳ ಇತಿಹಾಸದ ಪುಟ ಇನ್ನೂ ಬೇಸರ ತರಿಸಿತು: ಮೂರು ತಿಂಗಳಲ್ಲಿ ನಿಮ್ಮವರು ಖಾತೆಗೆ ಕೈ ಹಚ್ಚಿದ್ದು ಆರು ಬಾರಿ, ಕೊನೆಯದು ಜನವರಿ 14ಕ್ಕೆ. ತಿಂಗಳಿಗೆ 9,000 ರೂಪಾಯಿ ನಿರ್ವಹಣಾ ಶುಲ್ಕವನ್ನು ಫೆಬ್ರುವರಿ, ಮಾರ್ಚ್‌ನಲ್ಲಿ ಯಾವ ನಿರ್ವಹಣೆಗೆ ಪಡೆದಿರಿ?

ನನ್ನ ಲೆಕ್ಕ ಇಷ್ಟು. ಜಾಹೀರಾತಿಗೆ 46,968, ಅದರ ಮೇಲೆ ಶೇ 18 ಜಿಎಸ್‌ಟಿ 8,454, ನಿಮ್ಮ ಶುಲ್ಕ 27,000. ಒಟ್ಟು 82,422 ರೂಪಾಯಿ. ಬಂದ ವ್ಯಾಪಾರ 14,720. ಒಂದು ಆರ್ಡರ್‌ಗೆ ಜಾಹೀರಾತಿನ ಖರ್ಚೇ 2,042 ರೂಪಾಯಿ, ಆರ್ಡರ್‌ನ ಸರಾಸರಿ ಮೊತ್ತ 640.

ಆದ್ದರಿಂದ ಫೆಬ್ರುವರಿ ಮತ್ತು ಮಾರ್ಚ್‌ನ ಶುಲ್ಕ 18,000 ರೂಪಾಯಿ ಹಿಂದಿರುಗಿಸಬೇಕು. ಹಣ ಪಾವತಿಯಾದ ಆರ್ಡರ್ ಒಂದನ್ನೇ ಕನ್ವರ್ಷನ್ ಎಂದು ಹೊಂದಿಸಿ ತಿದ್ದಿದ ವರದಿ ಕೊಡಬೇಕು. ಖಾತೆಯ ಪೂರ್ಣ ಅಧಿಕಾರವನ್ನು ನನ್ನ ಇಮೇಲ್‌ಗೆ ವರ್ಗಾಯಿಸಬೇಕು. ಹಣ ಕಟ್ಟಿದವಳು ನಾನು, ಅದರ ಇತಿಹಾಸವೂ ನನ್ನದೇ. ಮಾತಿನ ಭರವಸೆ ಬೇಡ, 15 ದಿನಗಳೊಳಗೆ ಲಿಖಿತ ಉತ್ತರ ಬೇಕು. ಬಾರದಿದ್ದರೆ ಹಾವೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. 

ಒಂದು ಕೆಲಸಕ್ಕೆ ಮಾತ್ರ 15 ದಿನ ಕಾಯಲಾರೆ. ಈ ಪತ್ರ ಬರೆಯುತ್ತಿರುವಾಗಲೂ "ಇಂದಿನ ದರ ನೋಡಿ" ಎಂಬ ಶೀರ್ಷಿಕೆ ಚಾಲ್ತಿಯಲ್ಲಿದೆ, ಅದನ್ನು ನಿಲ್ಲಿಸುವ ಅಧಿಕಾರ ನನ್ನ ಕೈಯಲ್ಲಿಲ್ಲ. ನಾಡಿದ್ದು ಸೋಮವಾರ, ಟೆಂಡರ್ ಇದೆ. ಅಷ್ಟರೊಳಗೆ ಅದನ್ನು ತೆಗೆದುಹಾಕಿ.

ಇಂತಿ,
ನಿಮ್ಮ ಗ್ರಾಹಕಿ,
ಬ್ಯಾಡಗಿ