ಮಾತಾಡದೆ ಜೊತೆಗೆ ಕೂತ ಅವ್ವಾರಿಗೆ

ಗದಗ-ಬೆಟಗೇರಿ ಮತ್ತು ಹುಬ್ಬಳ್ಳಿಯ ಬಂಧುಗಳಿಗೆ, ಸಭೆಯವರಿಗೆ ಕರ್ತನ ಹೆಸರಿನಲ್ಲಿ ವಂದನೆ.

ಮೊನ್ನೆ ಗುರುವಾರಕ್ಕೆ ನಮ್ಮ ಮನೆಯ ಮೌನ ಪ್ರಾರ್ಥನೆಗೆ ಒಂದು ವರ್ಷ ತುಂಬಿತು. ಹೋದ ವರ್ಷ ಆಸ್ಪತ್ರೆಯಲ್ಲಿ ಕಳೆದ ದಿನಗಳಲ್ಲಿ ಏನಾಯಿತೆಂಬುದು ನಿಮಗೆಲ್ಲ ಗೊತ್ತು, ಅದನ್ನು ಮತ್ತೆ ಬರೆಯುವುದಿಲ್ಲ. ಊಟದ ಡಬ್ಬಿ ಕಳಿಸಿದವರು, ರಕ್ತ ಕೊಟ್ಟ ಯುವಜನ ಕೂಟದ ಹುಡುಗರು, ಹೊತ್ತಲ್ಲದ ಹೊತ್ತಿನಲ್ಲಿ ಗಾಡಿ ತೆಗೆದ ಕಾಕಾ, ವಾರ ತಪ್ಪದೆ ಬಂದು ಹೋದ ಅಯ್ಯನವರು, ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತಂದ ಓಣಿಯ ಅಕ್ಕಂದಿರು, ನಿಮ್ಮೆಲ್ಲರ ಉಪಕಾರ ನಮ್ಮ ಮೇಲಿದೆ.

ಇನ್ನುಳಿದ ಮಾತೆಲ್ಲ ಒಬ್ಬರ ಬಗ್ಗೆ. ಹೆಸರು ಹಾಕಬೇಡಿ ಎಂದಿದ್ದಾರೆ. ಅವ್ವಾರು ಎಂದರೆ ಸಾಕು, ಬೆಟಗೇರಿಯಲ್ಲಿ ತಿಳಿಯಬೇಕಾದವರಿಗೆ ತಿಳಿಯುತ್ತದೆ.

ಆ ರಾತ್ರಿ ಹನ್ನೊಂದಕ್ಕೆ ಎಲ್ಲರೂ ಹೊರಟ ಮೇಲೆ ಆಸ್ಪತ್ರೆಯ ವರಾಂಡಾದಲ್ಲಿ ಉಳಿದವರು ಅವರೊಬ್ಬರೇ. ಬಟ್ಟೆಯಲ್ಲಿ ಸುತ್ತಿದ ನಾಲ್ಕು ಜೋಳದ ರೊಟ್ಟಿ, ಚಹಾದ ಫ್ಲಾಸ್ಕು, ಬೈಬಲಿನ ಕೀರ್ತನೆಗಳ ಒಂದು ಸಣ್ಣ ಪುಸ್ತಕ. ಪುಸ್ತಕದಲ್ಲಿ ಗುರುತಿಗೆಂದು ಮಗ್ಗದ ಕೆಂಪು ನೂಲಿನ ಎಳೆ. ಅಷ್ಟೊತ್ತಿಗೆ ನಾವು ಇಡೀ ದಿನ ಮಾತು ಕೇಳಿ ಕೇಳಿ ದಣಿದಿದ್ದೆವು. ವಿಶ್ವಾಸ ಇಡ್ರಿ ಎಂದವರಿದ್ದರು, ಇದೂ ದೇವರ ಚಿತ್ತ ಎಂದವರಿದ್ದರು. ಏನೂ ಆಗುವುದಿಲ್ಲವೆಂದು ದೇವರು ತಮಗೆ ತೋರಿಸಿದ್ದಾರೆ ಎಂದವರೂ ಇದ್ದರು. ಎಲ್ಲರೂ ಪ್ರೀತಿಯಿಂದಲೇ ಅಂದದ್ದು. ಅವ್ವಾರು ಅಂದದ್ದು ಇಷ್ಟೇ: "ಮೊದಲ ಒಂದು ರೊಟ್ಟಿ ತಿನ್ರಿ. ಆಮ್ಯಾಲೆ ಸುಮ್ನ ಕುಂದ್ರೂಣು."

ಬೈಬಲಿನ ಅರಸುಗಳ ಮೊದಲನೆಯ ಪುಸ್ತಕದ 19ನೇ ಅಧ್ಯಾಯವನ್ನು ನಾವೆಲ್ಲ ಬಿರುಗಾಳಿಯಿಂದ ಶುರು ಮಾಡಿ ಓದುತ್ತೇವೆ. ಬಿರುಗಾಳಿ, ಭೂಕಂಪ, ಬೆಂಕಿ, ಕೊನೆಗೆ ಪ್ರವಾದಿ ಎಲೀಯನಿಗೆ ಕೇಳಿಸಿದ ದೇವರ ಆ ಮೆಲುದನಿ. ಅದಕ್ಕೂ ಮುಂಚೆ ಏನಿದೆ ಎಂದು ಅವ್ವಾರು ಆಮೇಲೆ ತೋರಿಸಿಕೊಟ್ಟರು. ಸಾಯಬೇಕು ಎಂದು ಮಲಗಿದವನನ್ನು ದೂತನು ತಟ್ಟಿ ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಡುತ್ತಾನೆ. ತಿಂದವನು ಮತ್ತೆ ಮಲಗುತ್ತಾನೆ. ಎರಡನೇ ಸಲವೂ ಎಬ್ಬಿಸಿ ತಿನ್ನಿಸುತ್ತಾನೆ. ಆಮೇಲೆ ಹೋರೇಬ್ ಬೆಟ್ಟದವರೆಗೆ ನಲವತ್ತು ದಿನದ ನಡಿಗೆ. ಪ್ರಾರ್ಥನೆಗೆ ಕೂತಾಗ ನಿದ್ದೆ ಬಂದರೆ ಪಾಪ ಮಾಡಿದಂತೆ ಅಳುಕುವವರು ನಮ್ಮಲ್ಲಿ ಬಹಳ. ದಣಿದ ದೇಹಕ್ಕೆ ಮೊದಲು ಬೇಕಾದದ್ದು ಊಟ, ನಿದ್ದೆ. ದೇವರು ಅದನ್ನು ಎಲೀಯನಿಗೆ ಬೈಯದೆ ಕೊಟ್ಟರು.

ಎರಡೂವರೆಯ ಹೊತ್ತಿಗೆ ಅವ್ವಾರು ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿದರು. ನಮ್ಮ ಕೈ ನಡುಗುತ್ತಿದ್ದದ್ದು ನೋಡಿ ಮುಚ್ಚಳವನ್ನು ತಾವೇ ಹಿಡಿದುಕೊಂಡರು. ಚಹಾ ಆರಿತು, ಮೇಲೆ ಕೆನೆ ಕಟ್ಟಿತು, ಅವರ ಕೈ ಕದಲಲಿಲ್ಲ. ಕುಡಿದ ಮೇಲೆ ಕೆಂಪು ಎಳೆ ಇದ್ದಲ್ಲಿ ಪುಸ್ತಕ ತೆಗೆದು 88ನೇ ಕೀರ್ತನೆ ಓದಿದರು. ಗೋಳಿನ ಕೀರ್ತನೆಗಳು ಹೆಚ್ಚಿನವು ಕೊನೆಗೆ ಭರವಸೆಗೋ ಸ್ತುತಿಗೋ ತಿರುಗುತ್ತವೆ. ಇದು ತಿರುಗುವುದಿಲ್ಲ. ಹೀಬ್ರೂ ಮೂಲದಲ್ಲಿ ಅದರ ಕಟ್ಟಕಡೆಯ ಪದವೇ ಕತ್ತಲೆ. ಓದಿ ಪುಸ್ತಕ ಮುಚ್ಚಿದರು, ಬೆಳಗಾಗುವವರೆಗೆ ಮಾತಾಡಲಿಲ್ಲ. ಎಲ್ಲ ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಸುಮ್ಮನೆ ಕೂತಿದ್ದರಲ್ಲ, ಹಾಗೆ. ಆ ಗೆಳೆಯರು ಕೆಟ್ಟದ್ದು ಬಾಯಿ ತೆರೆದ ಮೇಲೆ.

ಆ ರಾತ್ರಿ ದೇವರು ನಮಗೆ ಏನೂ ಹೇಳಲಿಲ್ಲ. ಇಷ್ಟನ್ನು ಬರೆಯಲು ನಮಗೆ ಒಂದು ವರ್ಷ ಹಿಡಿಯಿತು. ಸಿಟ್ಟಿತ್ತು. ಆ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಆದರೆ ದೇವರ ಮೌನ ಬೇರೆ, ದೇವರು ಇಲ್ಲದಿರುವುದು ಬೇರೆ ಎಂಬುದು ಪಕ್ಕದಲ್ಲಿ ಮಾತಿಲ್ಲದೆ ಕೂತ ಒಬ್ಬ ಮುದುಕಿಯಿಂದ ತಿಳಿಯಿತು.

ಆಮೇಲೆ ಗುರುವಾರ ಗುರುವಾರ ಮನೆಗೆ ಬಂದು ಅವರು ಕಲಿಸಿದ್ದನ್ನು ಇಲ್ಲಿ ಬರೆದಿಡುತ್ತೇವೆ, ಕೇಳಿದವರು ಬಹಳ ಮಂದಿ.

ಮೊದಲ ತಿಂಗಳು ಹತ್ತೇ ನಿಮಿಷ. ಅರ್ಧ ತಾಸಿನಿಂದ ಶುರು ಮಾಡಿದವರು ಮೂರನೇ ದಿನಕ್ಕೆ ಬಿಡುತ್ತಾರೆ. ಫೋನು ಬೇರೆ ಕೋಣೆಯಲ್ಲಿರಬೇಕು, ಸೈಲೆಂಟ್ ಮಾಡಿ ಪಕ್ಕದಲ್ಲಿಟ್ಟರೂ ಕಣ್ಣು ಅತ್ತಲೇ ಹೋಗುತ್ತದೆ. ಹೊತ್ತು ತಿಳಿಯಲು ಹಳೆಯ ಅಲಾರಾಂ ಗಡಿಯಾರ ಸಾಕು. ಬೆನ್ನು ನೆಟ್ಟಗೆ, ಎರಡೂ ಪಾದ ನೆಲಕ್ಕೆ ಊರಿ ಕುರ್ಚಿಯಲ್ಲಿ ಕೂಡಬೇಕು, ಮಂಡಿ ನೋವಿದ್ದವರು ಮಂಡಿಯೂರುವ ಹಟ ಬೇಡ. ನಸುಕು ಒಳ್ಳೆಯದು, ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಪ್ರಾರ್ಥನೆಗೆ ಹೋದರೆಂದು ಮಾರ್ಕನು ಬರೆಯುತ್ತಾನೆ. ಆದರೆ ನಳದ ನೀರು ಬರುವ ದಿನ ಕಿವಿಯೆಲ್ಲ ನಳದ ಕಡೆಗೇ ಇರುತ್ತದೆ. ಅವತ್ತು ರಾತ್ರಿ ಕೂಡುವುದೇ ಸರಿ.

ಕೀರ್ತನೆಯ ನಾಲ್ಕೈದು ವಚನ, ಅದಕ್ಕಿಂತ ಹೆಚ್ಚು ಬೇಡ. ಎರಡು ಸಲ ಬಾಯಿ ಬಿಟ್ಟು ನಿಧಾನ ಓದಿ, ಮೂರನೇ ಸಲ ಮನಸ್ಸಿನಲ್ಲಿ. ಯಾವ ಮಾತು ಹಿಡಿದು ನಿಲ್ಲಿಸುತ್ತದೋ ಅಲ್ಲೇ ನಿಲ್ಲುವುದು. ಆ ಮಾತಿನ ಬಗ್ಗೆ ದೇವರೊಡನೆ ಒಂದೆರಡು ವಾಕ್ಯ ಮಾತಾಡಿ, ಮಿಕ್ಕ ಹೊತ್ತು ಸುಮ್ಮನಿರುವುದು. ಇದು ಪರರ ಧ್ಯಾನ, ನಮ್ಮದಲ್ಲ ಎಂದು ಕೆಲ ಹಿರಿಯರು ಅಳುಕಿದರು. ಆದರೆ 12ನೇ ಶತಮಾನದಲ್ಲೇ ಗೀಗೊ ಎಂಬ ಕ್ರೈಸ್ತ ಸನ್ಯಾಸಿ ಓದು, ಮನನ, ಪ್ರಾರ್ಥನೆ, ದರ್ಶನ ಎಂದು ಇದಕ್ಕೆ ನಾಲ್ಕು ಮೆಟ್ಟಿಲು ಬರೆದಿಟ್ಟಿದ್ದಾನೆ. ದಿನಕ್ಕೊಂದು ವಚನ ಹಿಡಿದು ನಡೆಯುವ ರೂಢಿಯೂ ಹಳೆಯದೇ, ಜರ್ಮನಿಯ ಹೆರ್ನ್‌ಹುಟ್‌ನ ಮೊರೇವಿಯನ್ ಪಂಗಡದ ಕ್ರೈಸ್ತ ಸಹೋದರರು ಅಂಥ ವಚನಗಳ ಪುಸ್ತಕವನ್ನು 1731ರಿಂದ ಅಚ್ಚು ಹಾಕುತ್ತ ಬಂದಿದ್ದಾರೆ. 1841ರಲ್ಲಿ ಬೆಟಗೇರಿಗೆ ಬಂದ ಬಾಸೆಲ್ ಮಿಷನ್ನಿನವರೂ ಅಂಥದೇ ಭಕ್ತಿಯ ನೀರು ಕುಡಿದವರು. ಅವರಿಂದ ಹಾಡು, ಪ್ರಸಂಗ, ಮನೆ ಪ್ರಾರ್ಥನೆ ಚೆನ್ನಾಗಿ ಕಲಿತೆವು. ಸುಮ್ಮನಿರುವುದನ್ನು ಅಷ್ಟಾಗಿ ಕಲಿಯಲಿಲ್ಲ ಎಂದು ನಮಗನ್ನಿಸುತ್ತದೆ.

ಮನಸ್ಸು ಓಡುತ್ತದೆ. ಗ್ಯಾಸ್ ಸಿಲಿಂಡರು, ಬಡ್ಡಿಯ ಕಂತು, ಯಾರೋ ಅಂದ ಮಾತು. ಅವ್ವಾರು ಹೇಳುವುದು: "ಬೈಬ್ಯಾಡ್ರಿ, ಕೂಸಿನ್ನ ಕರದಂಗ ಕರ್ಕೊಂಡ್ ಬರ್ರಿ." ಪಕ್ಕದಲ್ಲಿ ಒಂದು ಚೀಟಿ ಇಟ್ಟು ಆ ಕೆಲಸವನ್ನು ಒಂದೇ ಪದದಲ್ಲಿ ಬರೆದರೆ ತಲೆಯಿಂದ ಇಳಿಯುತ್ತದೆ. ಒಂದೇ ಚಿಂತೆ ಮೂರು ಸಲ ತಿರುಗಿ ಬಂದರೆ ಅದನ್ನು ಅಡ್ಡಿ ಎಂದು ತಳ್ಳಬಾರದು. ಅವತ್ತಿನ ಪ್ರಾರ್ಥನೆಯೇ ಅದು, ವಚನ ಬದಿಗಿಟ್ಟು ಅದನ್ನೇ ದೇವರ ಮುಂದೆ ಇಡಬೇಕು.

ಎಲ್ಲಕ್ಕಿಂತ ಹೆಚ್ಚು ಕೆಡುವುದು ನಮ್ಮ ಆಸೆಯನ್ನೇ ದೇವರ ದನಿ ಎಂದುಕೊಂಡಾಗ. ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ ವಚನವೇ ಉತ್ತರ ಎನ್ನುವುದನ್ನು ಅವ್ವಾರು ಒಪ್ಪುವುದಿಲ್ಲ. ದೇವರು ಕರೆದಾಗ ಬಾಲಕ ಸಮುವೇಲನೇ ಮೂರು ಸಲ ತಪ್ಪು ತಿಳಿದು ಮುದಿ ಯಾಜಕ ಏಲಿಯ ಹತ್ತಿರ ಓಡಿದ. ಕರೆದವರು ಯಾರೆಂದು ಹೇಳಲು ಒಬ್ಬ ಮುದುಕ ಬೇಕಾಯಿತು. ಹಾಗಾಗಿ ಮನಸ್ಸಿಗೆ ಬಂದದ್ದು ಕ್ರಿಸ್ತನ ಗುಣಕ್ಕೆ ಒಪ್ಪುತ್ತದೆಯೇ ನೋಡುವುದು, ನಂಬಿಕೆಯ ಇಬ್ಬರು ಹಿರಿಯರಿಗೆ ಹೇಳುವುದು, ಒಂದು ವಾರ ಕಾಯುವುದು. ಈಗಲೇ ಮಾಡು ಎಂದು ದಬಾಯಿಸುವ ದನಿಯನ್ನು ನಂಬಬಾರದು. ಮನಸ್ಸು ಕತ್ತಲಲ್ಲಿರುವಾಗ, ಬೆಳಕಿದ್ದಾಗ ಮಾಡಿದ ತೀರ್ಮಾನವನ್ನು ಬದಲಿಸಬಾರದೆಂದು 16ನೇ ಶತಮಾನದಲ್ಲಿ ಜೆಸ್ವಿಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲಾ ಬರೆದ ನಿಯಮ ನಮ್ಮನ್ನು ಎರಡು ಸಲ ಕಾಪಾಡಿದೆ. ಪ್ರಾರ್ಥನೆಯಲ್ಲಿ ಏನೇ ಕೇಳಿಸಲಿ, ಡಾಕ್ಟರನ್ನು ಕೇಳದೆ ಯಾರೂ ಔಷಧಿ ನಿಲ್ಲಿಸಬಾರದು. ದಿನಗಟ್ಟಲೆ ನಿದ್ದೆಯಿಲ್ಲದೆ, ಅಪ್ಪಣೆ ಮಾಡುವ ದನಿಗಳು ಕೇಳುತ್ತಿದ್ದರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದೊಯ್ಯಿರಿ, ಜೊತೆಗೆ ಪ್ರಾರ್ಥಿಸಿರಿ. ಮೌನದಲ್ಲಿ ಹಳೆಯ ದುಃಖ ಒತ್ತರಿಸಿ ಬಂದು ಎದೆ ಬಿಗಿದರೆ ಕಣ್ಣು ತೆರೆದು ಎದ್ದು ಅಂಗಳದಲ್ಲಿ ನಡೆಯಬೇಕು, ಕೀರ್ತನೆಯನ್ನು ಜೋರಾಗಿ ಓದಬೇಕು. ಅವತ್ತಿಗೆ ಅಷ್ಟೇ ಸಾಕು.

ಹತ್ತರಲ್ಲಿ ಏಳೆಂಟು ದಿನ ಏನೂ ಕೇಳಿಸುವುದಿಲ್ಲ. ಮೊದಮೊದಲು ಇದನ್ನು ಸೋಲೆಂದುಕೊಂಡಿದ್ದೆವು. 131ನೇ ಕೀರ್ತನೆಯಲ್ಲಿ ಮೊಲೆ ಬಿಟ್ಟ ಕೂಸು ತಾಯಿಯ ಹತ್ತಿರ ಇರುವ ಚಿತ್ರವಿದೆ. ಹಾಲಿಗಾಗಿ ಅಳುವ ಕೂಸಲ್ಲ ಅದು, ಏನೂ ಬೇಡದೆ ತೊಡೆಯ ಮೇಲೆ ಕೂತದ್ದು. ಅವ್ವಾರು ಬಂದು ಕೂಡುವುದು ಹಾಗೇ.

ಅವ್ವಾ, ನೀವು ಇದನ್ನು ಓದುವುದಿಲ್ಲ, ಮೊಮ್ಮಗಳು ಓದಿ ಹೇಳುತ್ತಾಳೆ. ಆ ರಾತ್ರಿ ಮನೆಗೆ ಹೋಗದೆ ಉಳಿದಿರಿ. ಮಾರನೇ ದಿನ ನಿಮ್ಮ ಕಾಲು ಬಾತದ್ದನ್ನೂ ಯಾರಿಗೂ ಹೇಳಲಿಲ್ಲ, ನಮಗೆ ತಿಳಿದದ್ದು ತಿಂಗಳಾದ ಮೇಲೆ. ನಿಮ್ಮ ಫ್ಲಾಸ್ಕಿನ ಮುಚ್ಚಳ ನಮ್ಮಲ್ಲೇ ಉಳಿದುಬಿಟ್ಟಿದೆ, ಭಾನುವಾರ ಆರಾಧನೆಗೆ ಬರುವಾಗ ತರುತ್ತೇವೆ.